ಗಿರಗಾಂವಿನ ಅರಿಶಿನ ಕುಂಕುಮ

ಬೊಂಬಾಯಿಗೆ ಹೋಗಿ ಬಂದವರೆಲ್ಲ ಮೊದಲು ಸಮುದ್ರದ ವಿಷಯ ಹೇಳುತ್ತಾರೆ. ನಾನೂ ಹೇಳುತ್ತೇನೆ, ಸ್ವಲ್ಪ ತಾಳಿ. ರೈಲು ಎಷ್ಟು ಗಂಟೆಗೆ ಬಿಡುತ್ತದೆ, ಟಿಕೀಟಿಗೆ ಎಷ್ಟಾಗುತ್ತದೆ ಎಂದು ತಿಳಿಯಬೇಕಾದವರು ಸ್ಟೇಷನ್ ಮಾಸ್ತರರನ್ನೇ ಕೇಳಿಕೊಳ್ಳಲಿ. ನನಗೆ ಅದೊಂದೂ ನೆನಪಿಲ್ಲ. ನೆನಪಿರುವುದನ್ನು ಇಷ್ಟು ದಿನ ಬರೆಯುವ ಹಾಗಿರಲಿಲ್ಲ. ಮಾತು ತೆಗೆದುಕೊಂಡಿದ್ದ ರುಕ್ಕು ಹೋಗಿ ಎರಡು ವರ್ಷವಾಯಿತು, ಅವಳ ಭಾವನವರೂ ಈಗಿಲ್ಲ. ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಭದ್ರಾವತಿ ಸ್ಟೇಷನ್ನು

ನಾನು ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು. ಹನ್ನೊಂದನೆಯ ವಯಸ್ಸಿಗೇ ಗಂಡ ಹೋದ. ತಲೆ ಬೋಳಿಸಲು ಬಂದವರನ್ನು ನಮ್ಮ ಅಪ್ಪ ಬಾಗಿಲಲ್ಲೇ ತಡೆದು ನನ್ನನ್ನು ಓದಿಸಿದರು. ರುಕ್ಕು, ಅಂದರೆ ರುಕ್ಮಿಣಿ, ಕೋಟೆ ಬೀದಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ನನಗಿಂತ ಎರಡು ವರ್ಷ ಚಿಕ್ಕವಳು. ಅವಳನ್ನು ಭದ್ರಾವತಿಗೆ ಕೊಟ್ಟಿದ್ದರು. ಗಂಡ ವಾಸುದೇವರಾಯನಿಗೂ ಭಾವ ನಾರಾಯಣರಾಯರಿಗೂ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತಗಿರಿ. ಮದುವೆಯಾಗಿ ನಾಲ್ಕು ವರ್ಷಕ್ಕೆ ವಾಸುದೇವರಾಯ ಒಂದು ದಿನ ಕೆಲಸಕ್ಕೆಂದು ಹೋದವನು ಮನೆಗೆ ಬರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ಬರುವ ಶ್ರಾವಣಕ್ಕೆ ಹನ್ನೆರಡು ವರ್ಷ ತುಂಬುತ್ತಿತ್ತು.

ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದೇ ಲೆಕ್ಕ ಹಿಡಿಯುತ್ತಾರೆ ನಮ್ಮವರು. ದರ್ಭೆಯಲ್ಲಿ ಒಂದು ಬೊಂಬೆ ಕಟ್ಟಿ, ತಲೆಗೆ ತೆಂಗಿನಕಾಯಿ ಇಟ್ಟು, ಹೊಳೆಯ ದಂಡೆಯಲ್ಲಿ ಸುಡುತ್ತಾರೆ. ಹತ್ತನೆಯ ದಿನ ಹೆಂಡತಿಯ ಕುಂಕುಮ ಹೋಗುತ್ತದೆ. ನಾರಾಯಣರಾಯರು ಕೆಟ್ಟವರಲ್ಲ. ಅವರಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ನೋಡಲು ಬಂದವರೆಲ್ಲ, "ನಿಮ್ಮ ತಮ್ಮ ಇದ್ದಾರೋ ಇಲ್ವೋ, ಅದನ್ನೊಂದು ಇತ್ಯರ್ಥ ಮಾಡಿ" ಎಂದು ಎದ್ದು ಹೋಗುತ್ತಿದ್ದರು.

ಹೀಗಿರುವಾಗ ಕಾರ್ಖಾನೆಯ ಫಿಟ್ಟರ್ ಮುರುಗೇಶ ಯಂತ್ರದ ಸಾಮಾನು ತರಲು ಬೊಂಬಾಯಿಗೆ ಹೋಗಿದ್ದವನು ಬಂದು, ಗಿರಗಾಂವಿನಲ್ಲಿ ಒಂದು ಅಚ್ಚುಕೂಟದ ಮುಂದೆ ವಾಸುದೇವರಾಯನನ್ನು ಕಂಡಂತಾಯಿತು, ಕೂಗಿದರೆ ಸರಸರ ನಡೆದುಬಿಟ್ಟರು ಎಂದ. ನಾರಾಯಣರಾಯರು ನಂಬಲಿಲ್ಲ. ರುಕ್ಕು ನಂಬಿದಳು. ಬೇಸಿಗೆ ರಜಕ್ಕೆ ನಾನು ಬೊಂಬಾಯಿ ನೋಡಲು ಹೋಗುವುದೆಂದೂ, ಜೊತೆಗೆ ಅವಳು ಬರುವುದೆಂದೂ ಊರಿಗೆಲ್ಲ ಹೇಳಿದೆವು. ಭಾವನಿಗೆ ಮಾತ್ರ ನಿಜ ಗೊತ್ತು.

ನಾನು ಶಿವಮೊಗ್ಗದಲ್ಲಿ ಹತ್ತಿದ್ದೆ. ಭದ್ರಾವತಿಯಲ್ಲಿ ನಾರಾಯಣರಾಯರು ಅವಳನ್ನು ಹತ್ತಿಸಿ, ಕಿಟಕಿಯ ಹತ್ತಿರ ಬಂದು ನನಗೆ ಹೇಳಿದರು: "ಹುಡುಕಿ ಬನ್ನಿ ತಾಯಿ. ಸಿಕ್ಕಿದ್ರೆ ನನ್ನಷ್ಟು ಸಂತೋಷ ಪಡೋರು ಇನ್ನೊಬ್ಬರಿಲ್ಲ. ಅವನ ಕೈಬರಹದ ಒಂದು ಚೀಟಿ ತಂದ್ರೂ ಸಾಕು, ಎಲ್ಲ ನಿಲ್ಲಿಸ್ತೀನಿ."

ಗಾಡಿ ಹೊರಟ ಮೇಲೆ ರುಕ್ಕು ಪೆಟ್ಟಿಗೆ ತೆರೆದು ತೋರಿಸಿದಳು. ಹೊಸ ಧೋತರದ ಜೋಡಿ, ಒಂದು ಡಬ್ಬಿ ಚಕ್ಕುಲಿ.

"ಇದೇನೇ?"

"ಅವರಿಗೆ ಕಣೇ. ಬರಿಗೈಲಿ ಹೋಗಕ್ಕಾಗುತ್ತಾ?"

ಹರಿಹರ ದಾಟಿ

ಬೀರೂರಿನಲ್ಲಿ ಗಾಡಿ ಬದಲಿಸಿ ಹರಿಹರದ ಸೇತುವೆ ದಾಟಿದರೆ ಮೈಸೂರು ಸೀಮೆ ಮುಗಿಯಿತು. ಆಚೆ ಇಂಗ್ರೇಜಿಯವರ ರಾಜ್ಯ. ನಮ್ಮಂಥವರಿಗೆ ಪರದೇಶವೆಂದರೆ ಅದೇ. ಮಣ್ಣು ಕಪ್ಪಾಯಿತು, ರೊಟ್ಟಿ ಬಿಳಿಯಾಯಿತು, ಕನ್ನಡ ಗಟ್ಟಿಯಾಯಿತು. ಹೆಂಗಸರ ಡಬ್ಬಿಗೆ ಹುಬ್ಬಳ್ಳಿಯಲ್ಲಿ ಹತ್ತಿದ ಒಬ್ಬಾಕೆ ಕೂತ ತಕ್ಷಣವೇ ವಿಚಾರಣೆ ಶುರುಮಾಡಿದಳು.

"ಯಾವೂರವ್ವಾ ನಿಮ್ದು? ಗಂಡಸರ್ಯಾರೂ ಇಲ್ಲದ ಬೊಂಬಾಯಿಗೆ ಏನ್ ಮಾಡಾಕ ಹೊಂಟೀರಿ?"

"ಊರು ನೋಡಕ್ಕೆ" ಎಂದೆ ನಾನು.

"ಯಜಮಾನರ ಹತ್ತಿರ" ಎಂದಳು ರುಕ್ಕು, ನನ್ನ ಮಾತಿನ ಮೇಲೆಯೇ.

ಆಕೆ ಹೂವಿನ ಪೊಟ್ಟಣ ಬಿಚ್ಚಿ ರುಕ್ಕುವಿಗೆ ಒಂದು ಮೊಳ ಮಲ್ಲಿಗೆ ಮುಡಿಸಿದಳು. ನನ್ನ ಬರಿ ಹಣೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡು, ಏನಾದರೂ ಕೊಡದಿದ್ದರೆ ಚೆನ್ನಾಗಿರುವುದಿಲ್ಲವೆಂದು ಒಂದು ಬಾಳೆಹಣ್ಣು ಕೊಟ್ಟಳು. ನನಗೆ ಇಂಥದ್ದು ಅಭ್ಯಾಸವಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೂ ಹಣ್ಣನ್ನು ಅವಳ ಕಣ್ಣೆದುರೇ ಸುಲಿದು ತಿಂದು, ಸಿಪ್ಪೆಯನ್ನು ಅವಳ ಕಾಲ ಹತ್ತಿರವೇ ಹಾಕಿದೆ. ನನ್ನ ಸ್ವಭಾವವೇ ಹಾಗೆ.

ಪುಣೆ

ಪುಣೆಯಲ್ಲಿ ದೊಡ್ಡ ಗಾಡಿಗೆ ಬದಲಿಸಬೇಕು. ನಮ್ಮ ಹಾಸಿಗೆ ಸುರುಳಿ ಹೊತ್ತ ಹಮಾಲಿಯ ಹಿಂದೆ ಇಬ್ಬರೂ ಓಡಿದೆವು. ಅವನು ಮೆಟ್ಟಿಲು ಹತ್ತಿ, ಇಳಿದು, ಯಾವುದೋ ಮೂಲೆಗೆ ಹೋಗಿ ಸುರುಳಿ ಇಳಿಸಿದಾಗ, ಅದು ನಮ್ಮದಲ್ಲ, ಒಬ್ಬ ಮಾರವಾಡಿಯದು! ಆ ಸೇಠು ನಮ್ಮನ್ನು ಕಳ್ಳಿಯರೆಂದು ತಿಳಿದು ಸುರುಳಿಯ ಮೇಲೆಯೇ ಕೂತುಬಿಟ್ಟ. ನಮ್ಮ ಹಮಾಲಿ ಪಾಪ, ಬಂದ ಪ್ಲಾಟ್‌ಫಾರಮಿನಲ್ಲೇ ನಮ್ಮ ದಾರಿ ಕಾಯುತ್ತ ಕೂತಿದ್ದ. ಒಬ್ಬ ಹಮಾಲಿ ಇದ್ದ ಹಾಗೆ ಇನ್ನೊಬ್ಬ, ಕೆಂಪು ಅಂಗಿ, ತೋಳಿಗೆ ಹಿತ್ತಾಳೆ ಬಿಲ್ಲೆ. ರುಕ್ಕು ನಕ್ಕೂ ನಕ್ಕೂ ಬೆಂಚಿನ ಮೇಲೆ ಕುಕ್ಕರಿಸಿದಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಆದರೆ ನಗು ನಿಂತ ಮೇಲೆ ಕೇಳಿದಳು: "ಸುಬ್ಬಿ, ನಾನು ಅವರನ್ನ ಗುರುತು ಹಿಡೀತೀನಾ?"

"ಹಿಡೀದೆ ಏನು, ಮಾರಾಯ್ತಿ?"

"ಅಲ್ಲ, ಅವರು ನನ್ನ ಹಿಡೀತಾರಾ?"

ಗಾಡಿಗೆ ಹೊತ್ತಾಯಿತೆಂದು ನಾನು ಅವಳನ್ನು ಎಬ್ಬಿಸಿದೆ.

ದಾದರು

ನನ್ನ ಸೋದರಮಾವನ ಮಗ ಸೀನು ರೈಲ್ವೆ ಆಫೀಸಿನಲ್ಲಿದ್ದ, ಮನೆ ದಾದರಿನಲ್ಲಿ. ಮನೆಯೆಂದರೆ ನಮ್ಮ ಊರಿನ ದೇವರ ಕೋಣೆಯಷ್ಟು ದೊಡ್ಡದು. ಅದರಲ್ಲೇ ಅಡಿಗೆ, ಸ್ನಾನ, ಸಂಸಾರ. ನಾಲ್ಕು ಮಹಡಿಯ ಕಟ್ಟಡಕ್ಕೆ ಅಂಗಳವೇ ಇಲ್ಲ. ಸೀನುವಿನ ಹೆಂಡತಿ ಬೆಳಿಗ್ಗೆ ಬಾಗಿಲ ಹೊರಗೆ ಒಂದೂವರೆ ಗೇಣು ಜಾಗದಲ್ಲಿ ರಂಗೋಲಿ ಹಾಕುತ್ತಿದ್ದಳು. ಅದನ್ನು ತುಳಿಯದೆ ಒಳಗೆ ಹೋಗಲು ಹಾರಬೇಕು. ರುಕ್ಕು ದಿನಾ ಹಾರಿದಳು, ನಾನು ದಿನಾ ತುಳಿದೆ.

ಬೊಂಬಾಯಿಯ ಜನ ಯಾರಿಗೂ ನಿಲ್ಲುವುದಿಲ್ಲ. ನಮ್ಮಲ್ಲಿ ಗಾಂಧಿಬಜಾರಿಗೆ ಸೊಪ್ಪು ತರಲು ಹೋದರೆ ಐದು ಜನರನ್ನು "ಊಟ ಆಯ್ತಾ" ಎಂದು ಕೇಳಿ ಬರಬೇಕು. ಇಲ್ಲಿ ಎರಡಂತಸ್ತಿನ ಟ್ರಾಮಿನಲ್ಲಿ ತೊಡೆಗೆ ತೊಡೆ ತಾಗಿ ಕೂತವರೂ ಮುಖ ನೋಡುವುದಿಲ್ಲ. ರುಕ್ಕು ಮೊದಲ ದಿನ ಪಕ್ಕದವಳನ್ನು ನೋಡಿ ನಕ್ಕಳು. ಅವಳು ಕೈಚೀಲವನ್ನು ಎದೆಗೆ ಅವುಚಿಕೊಂಡಳು.

"ಇಂಥ ಊರಲ್ಲಿ ಮನುಷ್ಯ ಕಳೆದುಹೋಗೋದು ಸುಲಭ ಕಣೇ," ಎಂದಳು ರುಕ್ಕು. "ಅವರದೇನು ತಪ್ಪು?"

ನನಗೆ ರೇಗಿತು. ಹನ್ನೆರಡು ವರ್ಷ ಅಂಚೆಯವನ ದಾರಿ ನೋಡಿದವಳು ಇವಳು, ತಪ್ಪು ಮಾತ್ರ ಊರಿನದಂತೆ!

ಚೌಪಾಟಿ

ಇನ್ನು ಸಮುದ್ರ. ನನಗೆ ಅದು ಅಷ್ಟೇನೂ ಇಷ್ಟವಾಗಲಿಲ್ಲ. ತುಂಗೆಗೆ ಈಚೆ ದಡ, ಆಚೆ ದಡ, ಮಂಟಪ, ಬಟ್ಟೆ ಒಗೆಯುವ ಕಲ್ಲು ಎಲ್ಲ ಇದೆ. ಇದಕ್ಕೆ ಏನೂ ಇಲ್ಲ, ಬರೀ ನೀರು. ರುಕ್ಕು ಮಾತ್ರ ಸೀರೆ ಎತ್ತಿ ಕಟ್ಟಿ ಮೊಣಕಾಲಿನ ತನಕ ಇಳಿದಳು. ಊರಿಂದ ತಂದಿದ್ದ ಅರಿಶಿನ ಕುಂಕುಮದ ಪೊಟ್ಟಣ ಬಿಚ್ಚಿ ನೀರಿಗೆ ಹಾಕಿ ಕೈಮುಗಿದಳು. ಏನು ಬೇಡಿಕೊಂಡಳೆಂದು ಕೇಳುವ ಅಗತ್ಯವಿರಲಿಲ್ಲ. ಅಲೆ ಬಂದು ಅವಳ ಸೊಂಟದ ತನಕ ತೋಯಿಸಿತು. "ಒಪ್ಪಿಕೊಂಡಳು ಗಂಗಮ್ಮ!" ಎಂದು ಕೂಗಿದಳು. ಕಡಲೆಪುರಿ ಮಾರುವವನು ನಮ್ಮನ್ನೇ ನೋಡುತ್ತಿದ್ದ. ನಾನು ಅವನಿಂದ ಎರಡು ಪೊಟ್ಟಣ ತೆಗೆದುಕೊಂಡೆ. ಹುಳಿ, ಖಾರ, ಹಸಿಮಾವು ಎಲ್ಲ ಕಲಸಿದ್ದು. ಅದು ಮಾತ್ರ ನಮ್ಮೂರಲ್ಲಿ ಸಿಕ್ಕುವುದಿಲ್ಲ.

ಗಿರಗಾಂವ

ಮರುದಿನ ಮಧ್ಯಾಹ್ನ ಮುರುಗೇಶ ಹೇಳಿದ್ದ ಗುರುತು ಹಿಡಿದು ಅಚ್ಚುಕೂಟಕ್ಕೆ ಹೋದೆವು. ಅಲ್ಲಿದ್ದ ಮುದುಕ ಮರಾಠಿಯಲ್ಲಿ ಯಾರು ಬೇಕೆಂದು ಕೇಳಿದ. ರುಕ್ಕು ನನ್ನ ಬೆನ್ನಿಗೆ ತಿವಿದಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವ ಹಾಗಿಲ್ಲವಲ್ಲ. ನಾನೇ ಹೇಳಿದೆ. ಶಿವಮೊಗ್ಗದಲ್ಲಿ ನಮ್ಮ ಎದುರು ಮನೆ ಮರಾಠಿ ದರ್ಜಿಯವರದು, ಹಾಗಾಗಿ ನನಗೆ ಆ ಭಾಷೆ ಅಷ್ಟಿಷ್ಟು ಬರುತ್ತದೆ. ರುಕ್ಕುವಿಗೆ ಒಂದು ಅಕ್ಷರವೂ ಬರುವುದಿಲ್ಲ.

"ವಾಸುದೇವರಾವ್? ಪ್ರೂಫ್ ನೋಡುವವರಾ? ಇವತ್ತು ಬೇಗ ಹೋದರು. ಅವರ ಮನೆಯಲ್ಲಿ ಚೈತ್ರಗೌರಿ, ಹೆಂಡತಿ ಅರಿಶಿನ ಕುಂಕುಮಕ್ಕೆ ಕರೆದಿದ್ದಾರೆ," ಎಂದು ಮುದುಕ ಅವರ ಚಾಳಿನ, ಅಂದರೆ ಸಾಲುಮನೆಗಳ ಕಟ್ಟಡದ, ಗುರುತು ಹೇಳಿದ.

"ಏನಂದ್ರು?" ಎಂದಳು ರುಕ್ಕು.

ಆಗಲೇ ಹೇಳಬೇಕಾಗಿತ್ತು. ಬೇರೆ ಯಾರೋ ವಾಸುದೇವರಾವ್ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಮನೆ ಇಲ್ಲೇ ಹತ್ತಿರ ಅಂತೆ" ಎಂದಷ್ಟೇ ಹೇಳಿದೆ. ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಬೇಕೆಂದು ದಿನಾ ಬೋಧಿಸುವವಳು ನಾನು.

ಅವಳು ನನ್ನ ಮುಂದೆ ಮುಂದೆ ನಡೆದಳು. ಚಾಳಿನ ಮೆಟ್ಟಿಲಲ್ಲಿ ನಿಂತು ಸೆರಗಿನಿಂದ ಮುಖ ಒರಸಿಕೊಂಡು, "ಕುಂಕುಮ ಸರಿಯಾಗಿದೆಯೇನೇ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಧೋತರದ ಜೋಡಿ ಅವಳ ಕಂಕುಳಲ್ಲಿತ್ತು.

ಎರಡನೆಯ ಮಹಡಿಯಲ್ಲಿ ಉದ್ದಕ್ಕೂ ಜಗಲಿ, ಜಗಲಿಗೆ ಸಾಲು ಬಾಗಿಲು. ಒಂದು ಬಾಗಿಲಿಗೆ ಮಾವಿನ ತೋರಣ. ಒಳಗೆ ಏಳೆಂಟು ಹೆಂಗಸರು. ಆ ದೇಶದಲ್ಲಿ ಚೈತ್ರಗೌರಿಯ ದಿನ ಬಾಗಿಲಿಗೆ ಬಂದ ಮುತ್ತೈದೆಯನ್ನು ಯಾರು, ಎತ್ತ ಎಂದು ಕೇಳುವುದಿಲ್ಲ. ಮನೆಯಾಕೆ, ಇಪ್ಪತ್ತೈದರ ಒಳಗಿನವಳು, ದುಂಡು ಮುಖದವಳು, "ಯಾ, ಯಾ" ಎಂದು ತನ್ನ ಭಾಷೆಯಲ್ಲಿ ಬನ್ನಿ ಬನ್ನಿ ಎನ್ನುತ್ತ ಬಂದು ರುಕ್ಕುವಿನ ಕೈ ಹಿಡಿದು ಒಳಕ್ಕೆ ಎಳೆದುಕೊಂಡು ಹೋದಳು. ನನ್ನ ಹಣೆ ನೋಡಿದಳು. ಮರ್ಯಾದೆಯಿಂದಲೇ ಜಗಲಿಯಲ್ಲಿ ಮಣೆ ಹಾಕಿಸಿ ಕೂರಿಸಿದಳು. ಅಲ್ಲಿಂದ ಬಾಗಿಲೊಳಗಿನದೆಲ್ಲ ನನಗೆ ಕಾಣುತ್ತಿತ್ತು.

ಗೌರಿಯ ಮೇಲಿನ ಗೋಡೆಯಲ್ಲಿ ಒಂದು ಫೋಟೋ ಇತ್ತು. ಅದೇ ದುಂಡು ಮುಖದಾಕೆ ನಿಂತಿದ್ದಾಳೆ. ಕುರ್ಚಿಯಲ್ಲಿ ವಾಸುದೇವರಾಯ, ತೊಡೆಯ ಮೇಲೆ ಒಂದು ಹೆಣ್ಣುಮಗು. ಅವನ ಮದುವೆಯಲ್ಲಿ ನಾನೇ ಮರೆಯಲ್ಲಿ ನಿಂತು ಹಾಡು ಹೇಳಿದ್ದವಳು, ಗುರುತು ತಪ್ಪುವ ಹಾಗಿರಲಿಲ್ಲ. ನಾನು ನೋಡುವ ಹೊತ್ತಿಗೆ ರುಕ್ಕುವೂ ನೋಡಿದ್ದಳು.

ಅವಳು ಎದ್ದು ಬರುತ್ತಾಳೆಂದುಕೊಂಡೆ. ಬರಲಿಲ್ಲ. ಆ ಹೆಂಗಸು ಅವಳ ಕೈಗೆ ಅರಿಶಿನ ಹಚ್ಚಿದಳು, ಹಣೆಗೆ ಕುಂಕುಮವಿಟ್ಟಳು, ತಲೆಗೆ ಹೂ ಮುಡಿಸಿದಳು, ಮಡಿಲಿಗೆ ನೆನೆದ ಕಡಲೆ, ಒಂದು ತೆಂಗಿನಕಾಯಿ ತುಂಬಿದಳು. ಮಾವಿನಕಾಯಿ ಪಾನಕ ಕೊಟ್ಟಳು. ರುಕ್ಕು ಎಲ್ಲಕ್ಕೂ ಸೆರಗು ಒಡ್ಡಿಕೊಂಡು ಕೂತಿದ್ದಳು.

ಆಮೇಲೆ ಗಂಡನ ಹೆಸರು ಹೇಳಿಸುವ ಆಟ. ನಮ್ಮಲ್ಲಿ ಒಡಪು ಹೇಳಿಸುವ ಹಾಗೆಯೇ, ಪದ್ಯದೊಳಗೆ ಸೇರಿಸಿ ಹೇಳಿದರೆ ಹೆಸರು ಹೇಳಿದ ದೋಷವಿಲ್ಲ. ಒಬ್ಬೊಬ್ಬರೂ ಹೇಳಿದರು. ಮನೆಯಾಕೆ ನಾಚಿಕೊಂಡು, ಬೆಳ್ಳಿ ತಟ್ಟೆ, ಮಲ್ಲಿಗೆ ಮಾಲೆ, ಏನೇನೋ ಸೇರಿಸಿ, ಕೊನೆಗೆ "ವಾಸುದೇವರಾವ್" ಎಂದಳು. ಎಲ್ಲರೂ ನಕ್ಕರು. ಆಮೇಲೆ ಹೊಸದಾಗಿ ಬಂದವಳ ಸರದಿಯೆಂದು ರುಕ್ಕುವಿನ ಸುತ್ತ ಕೂತು ಒತ್ತಾಯ ಮಾಡತೊಡಗಿದರು. ಭಾಷೆ ಬಾರದಿದ್ದರೂ ಏನು ಕೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಗಿತ್ತು.

ನಾನು ಜಗಲಿಯಿಂದಲೇ, "ಬೇಡ ಕಣೇ, ಎದ್ದು ಬಾ" ಎಂದೆ.

ಅವಳು ನನ್ನ ಕಡೆ ತಿರುಗಲೂ ಇಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯ ಹಾಗೆ ಗಟ್ಟಿಯಾಗಿ ಹೇಳಿದಳು:

"ಬೆಂಕಿಪುರದ ಬದಿಗೆ ಭದ್ರೆ ಹೊಳೆ ದಂಡೆ,
ವಾಸುದೇವರಾಯರ ಹೆಸರ ನಾನಿಲ್ಲಿ ಅಂದೆ."

ಬೆಂಕಿಪುರವೆಂದರೆ ಭದ್ರಾವತಿಯ ಹಳೆಯ ಹೆಸರು. ಅದು ಅಲ್ಲಿ ಯಾರಿಗೂ ತಿಳಿಯಲಿಲ್ಲ, ಹೆಸರು ಮಾತ್ರ ತಿಳಿಯಿತು. ಮನೆಯಾಕೆ ಕೈತಟ್ಟಿ ನಕ್ಕಳು. "ಅಯ್ಯೋ, ನಮ್ಮಿಬ್ಬರ ಯಜಮಾನರ ಹೆಸರೂ ಒಂದೇ! ಇನ್ನು ನೀವು ನನಗೆ ಅಕ್ಕ" ಎಂದು ಇನ್ನೊಂದು ತೆಂಗಿನಕಾಯಿ ತಂದು ಮಡಿಲಿಗೆ ಹಾಕಿ, ಬಗ್ಗಿ ನಮಸ್ಕಾರ ಮಾಡಿದಳು. ರುಕ್ಕು ಅವಳ ತಲೆಯ ಮೇಲೆ ಕೈಯಿಟ್ಟಳು. ನನಗೆ ತಡೆಯಲಾಗಲಿಲ್ಲ, ಕಂಬದ ಕಡೆ ಮುಖ ತಿರುಗಿಸಿಕೊಂಡು ಅತ್ತೆ.

ಅಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಬಂದ. ಪಾನಕಕ್ಕೆಂದು ಮಂಜುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ಹಿಡಿದಿದ್ದ. ಕೂದಲು ನರೆತಿತ್ತು. ನನ್ನನ್ನು ನೋಡಿ ನಿಂತ. ಗುರುತು ಹತ್ತಿದ್ದು ಅವನ ಮುಖದಲ್ಲೇ ಗೊತ್ತಾಯಿತು.

"ಸುಬ್ಬಲಕ್ಷ್ಮಮ್ಮನವರಾ?" ಎಂದ, ಕನ್ನಡದಲ್ಲಿ.

"ಒಳಗೆ ಯಾರಿದ್ದಾರೆ ನೋಡು ಹೋಗು. ಒಬ್ಬರಲ್ಲ, ಇಬ್ಬರೂ ಇದ್ದಾರೆ."

ಅವನು ಬಾಗಿಲ ಕಡೆ ನೋಡಿ ಗೋಡೆಗೆ ಒರಗಿದ. "ಅಣ್ಣನ ಜೊತೆ ಒಂದು ಮಾತು ಬಂತು. ಒಂದು ವಾರ ಇದ್ದು ಹೋಗೋಣ ಅಂತ ಬಂದೆ. ವಾರ ತಿಂಗಳಾಯ್ತು. ಆಮೇಲೆ ಬರೆಯಕ್ಕೆ ಮುಖ ಇರಲಿಲ್ಲ. ಇವಳಿಗೆ ಏನೂ ಗೊತ್ತಿಲ್ಲ. ನಾನು ಸತ್ತೆ ಅಂತ ಅಂದುಕೊಂಡ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನೀನು ಸತ್ತರೆ ಯಾರ ಬಳೆ ಒಡೀತಾರೆ ಗೊತ್ತಾ ನಿನಗೆ?" ಎಂದೆ. ನನ್ನ ದನಿ ಏರಿತ್ತು.

ಆಗ ರುಕ್ಕು ಹೊರಗೆ ಬಂದಳು. ಎರಡೂ ಕೈಯಲ್ಲಿ ತುಂಬಿದ ಸೆರಗು ಹಿಡಿದುಕೊಂಡಿದ್ದಳು. ಅವನನ್ನು ತಲೆಯಿಂದ ಕಾಲಿನ ತನಕ ಒಂದು ಸಲ ನೋಡಿದಳು. ಗೋಣಿಯಿಂದ ನೀರು ತೊಟ್ಟಿಕ್ಕಿ ಅವನ ಪಾದದ ಹತ್ತಿರ ಹರಡಿತ್ತು.

"ಮಂಜು ಕರಗ್ತಾ ಇದೆ, ಒಳಗೆ ಹೋಗಿ," ಎಂದಳು. ಮೆಟ್ಟಿಲಿಳಿದಳು.

ಧೋತರದ ಜೋಡಿ ಒಳಗೆ ಗೌರಿಯ ಮುಂದೆಯೇ ಉಳಿಯಿತು. ಮರೆತು ಬಿಟ್ಟಳೋ, ಬೇಕೆಂದೇ ಇಟ್ಟಳೋ, ನಾನು ಕೇಳಲಿಲ್ಲ.

ಉಳಿದ ಎರಡು ದಿನ

ಮಡಿಲಿಗೆ ತುಂಬಿದ್ದ ಆ ಕಡಲೆಗೆ ಅವಳೇ ಒಗ್ಗರಣೆ ಹಾಕಿ ಉಸಲಿ ಮಾಡಿದಳು. ಸೀನುವಿನ ಮನೆಯವರೆಲ್ಲ ತಿಂದರು, ಅವಳೂ ತಿಂದಳು. ನಾನು ನನ್ನ ಪಾಲನ್ನು ಸೀನುವಿಗೆ ಬಡಿಸಿಬಿಟ್ಟೆ.

ಆಮೇಲಿನ ಎರಡು ದಿನ ಬೊಂಬಾಯಿಯಲ್ಲಿ ನೋಡುವುದೇನಿದೆಯೋ ಎಲ್ಲ ಬೇಕೆಂದಳು. ರಾಣೀಬಾಗಿನ ಮೃಗಾಲಯದ ಆನೆ ನೋಡಿ, ನಮ್ಮ ಸಕ್ಕರೆಬೈಲಿನ ಕಾಡಿನ ಆನೆಯೇ ವಾಸಿ, ಇದಕ್ಕೆ ಸೊಪ್ಪು ಸಾಲದು ಎಂದಳು. ಒಂದು ದೊಡ್ಡ ಅಂಗಡಿಯ ಲಿಫ್ಟಿನಲ್ಲಿ ಮೂರು ಸಲ ಹತ್ತಿ ಇಳಿದಳು. ಲಿಫ್ಟಿನವನು ಸಿಡಿಮಿಡಿಗೊಂಡ. ಅವಳು ನಗುತ್ತಿದ್ದಳು. ನನಗೆ ಆ ನಗುವಿಗೇ ಹೆದರಿಕೆಯಾಯಿತು.

ವಾಪಸು ಗಾಡಿಯಲ್ಲಿ ನಾನೇ ಮಾತು ತೆಗೆದೆ. "ಊರಿಗೆ ಹೋದ ಕೂಡಲೇ ಭಾವನಿಗೆ ಹೇಳ್ಬಿಡೋಣ. ಅಚ್ಚುಕೂಟದ ಗುರುತು ಕೊಟ್ರೆ ಅವರೇ ಬಂದು ನೋಡ್ತಾರೆ. ನಿನ್ನ ಕುಂಕುಮಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ."

ಅವಳು ಕಿಟಕಿಯ ಹೊರಗೆ ನೋಡುತ್ತ, "ಹ್ಞೂಂ" ಎಂದಳು.

ಮತ್ತೆ ಭದ್ರಾವತಿ

ನಾರಾಯಣರಾಯರು ಸ್ಟೇಷನ್ನಿಗೆ ಬಂದಿದ್ದರು. ಕಾರ್ಖಾನೆಯ ಹೊಗೆ ಆಚೆ ಕಾಣುತ್ತಿತ್ತು. ಅವಳ ಮುಖವನ್ನೇ ನೋಡಿದರು.

"ಸಿಗಲಿಲ್ಲ ಭಾವ," ಎಂದಳು ರುಕ್ಕು. "ಆ ಮುರುಗೇಶ ಯಾರನ್ನೋ ನೋಡಿದ್ದಾನೆ."

ಅವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರಸಿಕೊಂಡರು. ಒಬ್ಬನೇ ತಮ್ಮ. ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ರುಕ್ಕು ನನ್ನ ಮುಂಗೈ ಹಿಡಿದ ಬಿಗಿಗೆ ಅವಳ ಬಳೆಯೇ ನನಗೆ ಒತ್ತಿತು.

ಮನೆಗೆ ಹೋಗಿ ಹಿತ್ತಲಲ್ಲಿ ಅವಳನ್ನು ಹಿಡಿದು ನಿಲ್ಲಿಸಿ ಬೈದೆ. "ತಲೆ ಕೆಟ್ಟಿದೆಯಾ ನಿನಗೆ? ಮುಂಡೆ ಆಗೋದು ಅಂದ್ರೆ ಏನು ಅಂತ ನನ್ನ ಕೇಳು. ಒಂದು ಹೂವಿಗೆ, ಒಂದು ಮಣೆಗೆ ಜನ ಹೇಗೆ ಹಿಂದೆ ಸರೀತಾರೆ ಅಂತ ನಿನ್ನ ಕಣ್ಣಾರೆ ನೋಡಿಲ್ವಾ? ಆ ಹುಡುಗಿ ಮೇಲೆ ಕನಿಕರ ಬಂತಾ?"

"ಬಂತು, ಇಲ್ಲ ಅನ್ನಲ್ಲ. ಅದಕ್ಕಲ್ಲ ಆದ್ರೆ."

"ಮತ್ತೆ?"

"ಅವರು ಇದ್ದಾರೆ ಅಂದ್ರೆ, ನಾನು ಸಾಯೋ ತನಕ ಅವರ ಹೆಂಡತಿಯಾಗೇ ಇರಬೇಕಲ್ಲೇ, ಸುಬ್ಬಿ. ಇನ್ನು ನನ್ನ ಕೈಲಾಗಲ್ಲ. ಹನ್ನೆರಡು ವರ್ಷ ಆಗಿದ್ದು ಸಾಕು."

ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಳು. ಕೊಟ್ಟೆ. ಕೊಟ್ಟದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಶ್ರಾವಣದಲ್ಲಿ ಬೊಂಬೆಯನ್ನು ಸುಟ್ಟರು. ಹತ್ತನೆಯ ದಿನಕ್ಕೆಂದು ನನಗೆ ಶಿವಮೊಗ್ಗಕ್ಕೆ ಹೇಳಿಕಳಿಸಿದಳು. ಆ ಕೆಲಸ ಮಾಡಬೇಕಾದವಳು ಗಂಡನಿಲ್ಲದವಳೇ ಆಗಬೇಕು, ಬೇರೆ ಯಾರ ಕೈಯೂ ಬೇಡ, ನೀನೇ ಬಾ ಎಂದು. ತಲೆ ಬೋಳಿಸಕೂಡದೆಂದು ನಾರಾಯಣರಾಯರ ಹತ್ತಿರ ಜಗಳವಾಡಿ ಗೆದ್ದೆ. ಅದೊಂದೇ ನಾನು ಗೆದ್ದದ್ದು.

ಹೊಳೆಯ ಮೆಟ್ಟಿಲ ಮೇಲೆ ಅವಳು ಕೂತಳು. ಮಳೆ ಬಿಟ್ಟು ಬಿಸಿಲು ಬಂದಿತ್ತು. ನಾನು ಹಣೆ ಒರಸಿದೆ, ಹೂ ತೆಗೆದೆ. ಬಳೆ ಒಡೆಯಲು ಕಲ್ಲು ಎತ್ತಿಕೊಂಡು ಮತ್ತೆ ಕೆಳಗಿಟ್ಟೆ. "ಅವನಿದ್ದಾನೆ" ಎಂಬ ಒಂದು ಮಾತು ಆಡಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

"ಬೇಗ ಮಾಡೇ, ಮಾರಾಯ್ತಿ," ಎಂದಳು ಮೆಲ್ಲಗೆ.

ಒಡೆದೆ. ಬೊಂಬಾಯಿಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು ಆಗ ಬಾಯಿಬಿಟ್ಟು ಅತ್ತಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ದೂರದಲ್ಲಿ ನಿಂತಿದ್ದ ಹೆಂಗಸರು, "ಹನ್ನೆರಡು ವರ್ಷ ಆದ್ರೂ ಎಂಥ ಪ್ರೀತಿ ನೋಡಿ, ಪಾಪ" ಎಂದು ಸೆರಗಿನಲ್ಲಿ ಕಣ್ಣೊರಸಿಕೊಂಡರು. ಹೊತ್ತು ನೆತ್ತಿಗೆ ಬಂದಿತ್ತು. ಗಿರಗಾಂವಿನಲ್ಲಿ ಆಗ ಅವನು ಎಲೆಯ ಮುಂದೆ ಕೂತಿರಬೇಕು, ಆ ಹುಡುಗಿ ಬಡಿಸುತ್ತಿರಬೇಕು.